ಸಂಕಪ್ಪನ ಹೊಸ ಟರ್ಬೊ

ಬಿಸಿ ಕಬ್ಬಿಣದ ಮೇಲೆ ಡೀಸೆಲ್ ಹನಿ ಸುಟ್ಟ ವಾಸನೆ ಬಂದರೆ ಕಸ್ತೂರಿಗೆ ಬಾಲ್ಯ ನೆನಪಾಗುತ್ತದೆ. ಅಪ್ಪನ ಅಂಗಿಗೂ ಅದೇ ವಾಸನೆ ಇತ್ತು. ಅಪ್ಪನ ಗ್ಯಾರೇಜು ವಹಿಸಿಕೊಂಡ ಮೇಲೆ ಅವಳು ಮಾಡಿದ ಮೊದಲ ದೊಡ್ಡ ಕೆಲಸ ಸಂಕಪ್ಪನ ಜೀಪಿನದು: ಕಸುವು ಹೆಚ್ಚಿಸುವ ದೊಡ್ಡ ಟರ್ಬೊ, ಎಂಜಿನ್ನಿನ ಬಿಸಿ ಹೊಗೆ ಹಾಯುವ ಹೊಸ ಮ್ಯಾನಿಫೋಲ್ಡು. ಮೂರೇ ದಿನಕ್ಕೆ ಸಂಕಪ್ಪ ವಾಪಸ್ಸು ಬಂದರು.

"ಮಗಳ, ಹಳೇದ ಹಾಕಿಕೊಡು."

ಕಸ್ತೂರಿ ಜೀಪಿನ ಬಾನೆಟ್ಟು ಎತ್ತಿದಳು. "ಯಾಕ್ರಿ ಕಾಕಾ, ಏರಿನಾಗ ಎಳೀವಲ್ತೇನ್ರಿ?"

"ಕುದುರಿ ಹಂಗ ಓಡತೈತಿ."

"ಹೊಗಿ ಉಗಳತೈತೇನು?"

"ಒಂದೀಟೂ ಇಲ್ಲ."

"ಮತ್ತೇನ್ರಿ? ಹುಡುಗಿ ಕೆಲಸ ಕೆಡಿಸಿದ್ಲು ಅಂತ ಊರ ಮಂದಿ ನಗತಾರ. ನಾಳಿಂದ ಯಾರ ಬರ್ತಾರ ನನ್ನ ಕಡೆ? ಶಾಖ ತಡಿಯೂ ಪಟ್ಟಿ ಎಷ್ಟ ಬಿಗಿ ಸುತ್ತೇನಿ ನೋಡ್ರಿ, ಮ್ಯಾನಿಫೋಲ್ಡ್ ಮ್ಯಾಲ ಏನಿಟ್ರೂ ಬಿಸಿ ತಾಗೂದಿಲ್ಲ!"

"ಅದ ತೊಂದ್ರಿ ಆಗೇದ ನೋಡವ್ವ."

"ಅದ್ರಾಗೇನ್ ತೊಂದ್ರಿ?"

ಸಂಕಪ್ಪ ಸಂಕೋಚದಿಂದ ಅತ್ತಿತ್ತ ನೋಡಿದರು. ಆಮೇಲೆ, ಇಪ್ಪತ್ತು ವರ್ಷಗಳಿಂದ ಹಳೇ ಮ್ಯಾನಿಫೋಲ್ಡಿಗೆ ತಂತಿಯಿಂದ ಕಟ್ಟಿ ಬಿಸಿ ಮಾಡಿಕೊಳ್ಳುತ್ತಿದ್ದ ತಮ್ಮ ಊಟದ ಡಬ್ಬಿಯನ್ನು, ತಣ್ಣಗಿದ್ದ ಹಾಗೆಯೇ, ಅವಳ ಕೈಗಿಟ್ಟರು.