ಇದ್ದಲಿಯ ಗೆರೆ

ನನ್ನ ಮಗಳು ಬೂಟಿನ ವೆಲ್ಕ್ರೋ ಪಟ್ಟಿಯನ್ನು ಚರ್ರನೆ ಕಿತ್ತಾಗಲೆಲ್ಲ, ಒಂದು ಕಾಲು ಚಾಚಿಯೇ ಕುಳಿತು ರೊಟ್ಟಿ ಬಡಿಯುವ ಅವ್ವನ ಕಡೆ ನಾನು ನೋಡುವುದಿಲ್ಲ.

ನನಗಾಗ ಒಂಬತ್ತು ವರ್ಷ. ಸಿಂದಗಿಯಲ್ಲಿ ಬಸ್ಸಿಳಿಯುವಾಗ ಬಿದ್ದು ಅವ್ವನ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಆಪರೇಷನ್ ಮಾಡಿ, ತೊಡೆಯಿಂದ ಮೀನಖಂಡದವರೆಗೆ ವೆಲ್ಕ್ರೋದ ಕರಿ ಪಟ್ಟಾ ಬಿಗಿದು ಕಳಿಸಿದ್ದರು. ದಿನಾ ಅದನ್ನು ಬಿಚ್ಚಿ ಕಾಲು ಮಡಚಬೇಕು, ಇಲ್ಲದಿದ್ದರೆ ಮೊಣಕಾಲು ಕಟ್ಟಿಗೆಯಂತೆ ಸೆಟೆದುಬಿಡುತ್ತದೆ ಎಂದಿದ್ದರು ಡಾಕ್ಟರು. ಮಲಗಿಕೊಂಡು ಮಡಚಿದಾಗ ಹಿಮ್ಮಡಿ ಎಲ್ಲಿಗೆ ಮುಟ್ಟಬೇಕೋ ಅಲ್ಲಿ ಅವ್ವ ನೆಲದ ಮೇಲೆ ಇದ್ದಲಿಯಿಂದ ಗೆರೆ ಎಳೆಸಿದ್ದಳು.

ಒಂದು ಮಧ್ಯಾಹ್ನ ಪಟ್ಟಾ ಚರ್ರನೆ ಬಿಚ್ಚಿದೆ. ಬೆವರು, ಮುಲಾಮಿನ ವಾಸನೆ ಎದ್ದಿತು.

"ಹಿಮ್ಮಡಿ ಹಿಡದು ನೂಕು. ನಾ ಎಷ್ಟ ಒದರಿದ್ರೂ ಕೈ ಬಿಡಬ್ಯಾಡ," ಅಂದಳು ಅವ್ವ. "ಇದು ಮಡಚಲಿಲ್ಲಂದ್ರ ನಾ ಕುಂಟಿ ಆಗೇ ಸಾಯ್ತೇನಿ."

ನೂಕಿದೆ. ಸೆರಗು ಬಾಯಿಗೆ ತುರುಕಿಕೊಂಡರೂ ಅವ್ವನ ಚೀರಾಟ ನಿಲ್ಲಲಿಲ್ಲ. ಕಟ್ಟೆಯ ಮೇಲಿದ್ದ ಅಪ್ಪನ ತಾಯಿ, ನಮ್ಮ ಆಯಿ, "ಸಾಕ ಬಿಡ್ರವ್ವಾ, ಹೊಲಿಗಿ ಬಿಚ್ಚೀತು!" ಎಂದು ಕೂಗಿದಳು. ಗೆರೆ ಇನ್ನೂ ಒಂದು ಗೇಣು ದೂರವಿತ್ತು. ಕಣ್ಣು ಮುಚ್ಚಿ ಮಲಗಿದ್ದ ಅವ್ವನ ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು.

ನಾನು ಅಂಗೈಯಿಂದ ಆ ಗೆರೆ ಒರೆಸಿದೆ. ಒಲೆಯ ಪಕ್ಕದ ಇದ್ದಲಿ ತಗೊಂಡು ಹಿಮ್ಮಡಿಯ ಹತ್ತಿರವೇ ಇನ್ನೊಂದು ಎಳೆದೆ.

"ಮುಟ್ಟಿತೇನ?"

"ಮುಟ್ಟಿತವ್ವಾ."

ಕತ್ತೆತ್ತಿ ನೋಡಿದಳು. ಆಪರೇಷನ್ ಆದ ಮೇಲೆ ಮೊದಲ ಸಲ ನಕ್ಕಳು.

"ಹಂಗಾದ್ರ ಇನ್ನ ಸಾಕು. ನಾಳಿಂದ ಮಡಚೂದು ಬ್ಯಾಡ. ಪಟ್ಟಾ ಕಟ್ಟು."

ಮಸಿಯಾದ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಬಿಗಿಯಾಗಿ ಕಟ್ಟಿದೆ.