ಪೈಪಿಗೆ ಶನಿವಾರದ ಗಡುವು

ತನ್ನದೇ ಲಾರಿಯ ಹಿಂಭಾಗದಲ್ಲಿ, ಟಾರ್ಪಾಲಿನ ಕೆಳಗೆ, ಅವನು ಕಳ್ಳನ ಹಾಗೆ ಮುದುಡಿ ಮಲಗಿದ್ದ. ಕ್ಷೌರಕ್ಕೆ ಹೋಗಿ ಬರುತ್ತೇನೆಂದು ಹೆಂಡತಿಗೆ ಹೇಳಿ, ಮನೆಗೊಂದು ಸುತ್ತು ಹಾಕಿ, ಸದ್ದಿಲ್ಲದೆ ಹತ್ತಿಕೊಂಡಿದ್ದ. ಇವತ್ತು ಅವಳನ್ನು ರೆಡ್‌ಹ್ಯಾಂಡಾಗಿ ಹಿಡಿಯಲೇಬೇಕು.

ಜಗಳವೆಲ್ಲ ಏರ್ ಇನ್‌ಟೇಕಿನದು. ಎಂಜಿನ್ನಿಗೆ ಗಾಳಿ ಎಳೆಯಲು ಕಂಪನಿಯವರು ಕೊಟ್ಟಿದ್ದ ಕರಿ ಡಬ್ಬಿಯನ್ನು ಕಿತ್ತು, ತೋಳುಗಾತ್ರದ ಹೊಳೆಯುವ ಪೈಪು, ಅದರ ತುದಿಗೆ ಕೆಂಪು ಫಿಲ್ಟರ್ ಹಾಕಿಸಿ ತಿಂಗಳಾಗಿತ್ತು. ಆಕ್ಸಿಲರೇಟರ್ ತುಳಿದರೆ ಸಾಕು, ‘ಹೂಶ್ಶ್’ ಎಂದು ಊರಿನ ಗಾಳಿಯನ್ನೆಲ್ಲ ಒಂದೇ ಉಸಿರಿಗೆ ಎಳೆದುಕೊಳ್ಳುತ್ತಿತ್ತು. ಹದಿನಾಲ್ಕು ವರ್ಷ ಜನರ ಮಂಚ, ಬೀರು ಹೊತ್ತು ಸವೆದ ಲಾರಿಗೆ ಹೊಸ ಪ್ರಾಯ ಬಂದಿತ್ತು. ನಿಜ ಹೇಳಬೇಕೆಂದರೆ ಅವನಿಗೂ ಬಂದಿತ್ತು.

ಹೆಂಡತಿಗೆ ಮಾತ್ರ ಅದನ್ನು ಕಂಡರಾಗದು. ಮದುವೆಗೆ ಮೊದಲು ಅಪ್ಪನ ಟೆಂಪೋ ಓಡಿಸಿದವಳು. ಗಾಡಿಯ ವಿಷಯದಲ್ಲಿ ಅವಳಿಗೆ ಎದುರಾಡುವುದು ಕಷ್ಟ.

“ಈ ಪೈಪ್ ಇಟ್ಕೊಂಡು ಬಾಳೋಕಾಗಲ್ಲ ರೀ. ಶನಿವಾರದೊಳಗೆ ತೆಗೆಸಿ. ಇಲ್ದಿದ್ರೆ ನಾನೇ ತೆಗೆಸ್ತೀನಿ.”

“ಅದೇನು ಅನ್ಯಾಯ ಮಾಡ್ತು ನಿಂಗೆ?”

“ನನ್ನ ಮಾನ ಕಳೀತಿದೆ.”

ಅಷ್ಟೇ ಅಲ್ಲ. ಭಾನುವಾರ ತೊಳೆದಿಟ್ಟ ಫಿಲ್ಟರಿನಲ್ಲಿ ಬುಧವಾರದ ಹೊತ್ತಿಗೆ ಒಂದು ಬೊಗಸೆ ಕೆಮ್ಮಣ್ಣು! ಅವನು ಓಡಾಡುವುದೆಲ್ಲ ಟಾರು ರಸ್ತೆಯಲ್ಲಿ. ಮಧ್ಯಾಹ್ನ ಉಂಡು ಗೊರಕೆ ಹೊಡೆಯಲು ಶುರುಮಾಡಿದರೆ ಅವನಿಗೆ ಲೋಕದ ಯಾವ ಸದ್ದೂ ಕೇಳದು. ಆ ಹೊತ್ತಿನಲ್ಲೇ ಇವಳು ಬಾನೆಟ್ ಎತ್ತಿ ಮಣ್ಣು ಸುರಿಯುತ್ತಿದ್ದಾಳೆ, ಪೈಪಿಗೆ ಕೆಟ್ಟ ಹೆಸರು ತರುವುದಕ್ಕೆ. ಹೀಗೆಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಇವತ್ತು ಶನಿವಾರ. ಕ್ಯಾಬಿನ್ನಿನ ಬಾಗಿಲು ಬಡಿಯಿತು. ಲಾರಿ ಹೊರಟೇಬಿಟ್ಟಿತು. ಏನು ವೇಗ! ಮೊದಲ ತಿರುವಿನಲ್ಲಿ ಅವನು ಎಡಕ್ಕೆ ಉರುಳಿದ. ಎರಡನೆಯದರಲ್ಲಿ ಬಲಕ್ಕೆ. ಮೂರನೆಯದರಲ್ಲಿ ಸ್ಟೆಪ್ನಿಯನ್ನು ತಬ್ಬಿಕೊಂಡ. ಪಾಪ, ಸಿಟ್ಟಿನ ಭರದಲ್ಲಿ ಓಡಿಸುತ್ತಿದ್ದಾಳೆ ಎಂದುಕೊಂಡ. ಅಷ್ಟರ ನಡುವೆಯೂ ‘ಹೂಶ್ಶ್’ ಕೇಳಿದಾಗಲೆಲ್ಲ ಅವನ ಮುಖ ಅರಳುತ್ತಿತ್ತು.

ಲಾರಿ ನಿಂತಿತು. ಸ್ಪ್ಯಾನರುಗಳ ಟಣಟಣ ಸದ್ದು. ಮೆಕ್ಯಾನಿಕ್ಕನ ಅಂಗಡಿ! ಬಾನೆಟ್ ಎತ್ತಿದ ಸದ್ದಿಗೆ ಅವನ ಜೀವ ಬಾಯಿಗೆ ಬಂತು.

“ಬಿಚ್ಚಪ್ಪಾ ಇದನ್ನ,” ಎಂದಳು ಹೆಂಡತಿ.

“ಅಣ್ಣಂಗೆ ಗೊತ್ತಾ ಅಕ್ಕಾ?”

“ಹೇಳ್ಬೇಡ. ಪಾಪ, ಆಸೆಪಟ್ಟು ಹಾಕ್ಸಿದ್ದಾರೆ.”

ಅವನ ಕಣ್ಣಲ್ಲಿ ನೀರೇ ಬಂತು. ಇನ್ನು ತಡೆಯಲಾರೆ ಎಂದು ಟಾರ್ಪಾಲು ಕಿತ್ತೆಸೆಯಲು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

“ದಿನಾ ಮಧ್ಯಾಹ್ನ ಕಲ್ಲು ಕ್ವಾರಿ ಏರಲ್ಲಿ ಆ ಹಾಲಿನ ವ್ಯಾನಿನವಳ ಜೊತೆ ರೇಸಿಗೆ ಬಿದ್ದು, ಎಷ್ಟೂಂತ ಅವಳ ಹಿಂದೆ ಕೆಂಪು ಧೂಳು ಕುಡೀಲಿ ನಾನು? ಇದಕ್ಕಿಂತ ದಪ್ಪಂದು ತರಿಸು ಅಂದಿದ್ನಲ್ಲ, ಹಾಕು ಅದನ್ನ!”