ದಿನಕ್ಕೊಂದು ಮೊಟ್ಟೆ

"ತುಟಿ ಉರಿಯುತ್ತೆ ಅಂತ ಇವಳು ಊಟಾನೇ ಮಾಡಲ್ಲ ಡಾಕ್ಟ್ರೇ. ಖಾರ ಮುಟ್ಟಿಸೋದೇ ಇಲ್ಲ ನಾನು. ಮಲಗೋವಾಗ ತುಪ್ಪ ಸವರ್ತೀನಿ," ಎಂದಳು ಅಜ್ಜಿ.

ಡಾಕ್ಟರು ಮೊಮ್ಮಗಳ ಬಿರಿದ ತುಟಿಗೆ ಟಾರ್ಚ್ ಹಿಡಿದು ನೋಡಿದರು.

"ಯಾವಾಗಿಂದ ಹೀಗೆ?"

"ಸ್ಕೂಲಿಗೆ ಸೇರಿದಾಗಿಂದ."

"ವಿಟಮಿನ್ ಕಡಿಮೆ ಇರಬೇಕು. ಸ್ಕೂಲಲ್ಲಿ ಮೊಟ್ಟೆ ಕೊಡ್ತಾರಲ್ಲ, ತಿಂತಾಳಾ?"

"ನಮ್ಮನೇಲಿ ಅದೆಲ್ಲ ನಡೆಯಲ್ಲ. ಆದ್ರೂ ಒಂದೊಂದು ದಿನ ತಿಂದು ಬರ್ತಾಳೆ."

"ಇನ್ಮೇಲೆ ದಿನಾ ತಿನ್ನಲಿ."

"ಔಷಧಿ ಅಂದ್ಮೇಲೆ ತಿನ್ನಲೇಬೇಕಲ್ಲ," ಅಜ್ಜಿ ತಲೆಯಾಡಿಸಿದಳು.

ಹೊರಗೆ ಬಂದಾಗ ಹುಡುಗಿ ಸೆರಗು ಜಗ್ಗಿದಳು.

"ಅಜ್ಜಿ, ದಿನಾ ಮೊಟ್ಟೆ ತಿಂದ್ರೆ ದಿನಾ ಹುಣಸೆಹಣ್ಣು, ಉಪ್ಪು ಹಾಕಿ ನನ್ನ ತುಟಿ ತಿಕ್ತೀಯಾ?"

ಅಜ್ಜಿ ಅವಳ ಕೈ ಹಿಡಿದು ಜೋಪಾನವಾಗಿ ರಸ್ತೆ ದಾಟಿಸಿದಳು.

"ತಿಕ್ಕದೆ ದೇವರ ಮನೆಗೆ ಹೇಗೆ ಬರ್ತೀಯ, ಕಂದ?"